ಕುಂಕುಮ ಕಪ್ಪಾಗುವ ಗಾಜು: ಕಟಪಾಡಿಯಲ್ಲಿ ವೆಟ್ ಪ್ಲೇಟ್ ಫೋಟೋ ತೆಗೆದ ಅನುಭವ

ಗಾಜಿಗೆ ಕೆಮಿಕಲ್ ಹಚ್ಚಿ, ಅದು ಒದ್ದೆ ಇರುವಾಗಲೇ ತೆಗೆಯುವ ವೆಟ್ ಪ್ಲೇಟ್ ಫೋಟೋದಲ್ಲಿ ಕುಂಕುಮ ಕಪ್ಪಾಗಿ ಬರುತ್ತದೆ. ಅರಿಶಿನ ಹಚ್ಚಿದ ಕೆನ್ನೆ ಮಂಕಾಗುತ್ತದೆ. ಕೆಂಪು ಸೀರೆ ಪೂರ್ತಿ ಕಪ್ಪು. ನೀಲಿ ರವಕೆ ಮಾತ್ರ ಬೆಳ್ಳಗೆ, ಮುಡಿದ ಮಲ್ಲಿಗೆ ಅದಕ್ಕಿಂತ ಬೆಳ್ಳಗೆ. ಕರಾವಳಿಯ ಹೆಂಗಸರನ್ನು ಕೂರಿಸಿ ಈ ಹಳೇ ವಿಧಾನದಲ್ಲಿ ಫೋಟೋ ತೆಗೆಯಬೇಕು ಅನ್ನುವವರು ಮೊದಲು ತಿಳಿದುಕೊಳ್ಳಬೇಕಾದ್ದು ಇದನ್ನೇ. ಕ್ಯಾಮೆರಾ, ಲೆನ್ಸು, ಕೆಮಿಕಲ್ಲು ಎಲ್ಲಾ ಆಮೇಲಿನ ಮಾತು.

ಕಾರಣ ಸರಳ. ಗಾಜಿನ ಮೇಲೆ ಕೂತಿರುವ ಬೆಳ್ಳಿಯ ಉಪ್ಪಿಗೆ ತಾಗುವುದು ನೀಲಿ, ನೇರಳೆ ಮತ್ತು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಮಾತ್ರ. ಕೆಂಪು, ಕಿತ್ತಳೆ, ಹಳದಿ ಅದರ ಪಾಲಿಗೆ ಹೆಚ್ಚುಕಡಿಮೆ ಕತ್ತಲೆಯೇ. ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬು ಹಾಕಿಕೊಂಡು ಆರಾಮಾಗಿ ಕೆಲಸ ಮಾಡಬಹುದು ಅನ್ನುವುದೂ ಇದೇ ಕಾರಣಕ್ಕೆ.

ನಾನು ಮದುವೆ ಫೋಟೋ ತೆಗೆಯುವವನು. ಸೀಸನ್ ಬಂತೆಂದರೆ ಉಡುಪಿ, ಮಂಗಳೂರು, ಕುಂದಾಪುರ ಅಂತ ಓಡಾಟ. ಒಂದೊಂದು ಮದುವೆಗೆ ಸಾವಿರಗಟ್ಟಲೆ ಫೋಟೋ. ಅದರಲ್ಲಿ ಮನೆಯವರು ಎರಡನೇ ಸಲ ತೆರೆದು ನೋಡುವುದು ಎಷ್ಟು? ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದ ಹೊತ್ತಿಗೇ ಗೆಳೆಯನೊಬ್ಬ ಬೆಂಗಳೂರಿನಲ್ಲಿ ವೆಟ್ ಪ್ಲೇಟ್ ಕಲಿತು ಬಂದ. ಅವನು ಕೆಮಿಸ್ಟ್ರಿ ಪಾಠ ಮಾಡುವವನು. ಉಡುಪಿ ಹತ್ತಿರದ ಕಟಪಾಡಿಯಲ್ಲಿ ಅವನ ಹಿರಿಯರ ಮನೆ ಇದೆ. ಹಂಚಿನ ಮನೆ, ಉದ್ದ ಜಗಲಿ, ಹಿಂದೆ ಭತ್ತ ತುಂಬಿಸಿಡುತ್ತಿದ್ದ ಕಿಟಕಿ ಇಲ್ಲದ ಕೋಣೆ. ಆ ಕೋಣೆಯೇ ನಮ್ಮ ಡಾರ್ಕ್‌ರೂಮ್ ಆಯಿತು. ಮಾಡಿನಲ್ಲಿದ್ದ ಒಂದೇ ಒಂದು ಗಾಜಿನ ಹಂಚಿಗೆ ಒಳಗಿನಿಂದ ಕಪ್ಪು ಬಟ್ಟೆ ಕಟ್ಟಿದೆವು. ಉಳಿದ ಹಂಚುಗಳಲ್ಲಿ ಕೆಲವದರ ಬೆನ್ನ ಮೇಲೆ ಬಾಸೆಲ್ ಮಿಶನ್ ಕಾರ್ಖಾನೆಯ ಅಚ್ಚು, 1865 ಅನ್ನುವ ಇಸವಿ ಸಮೇತ. ಪ್ಲೆಬ್ಸ್ಟ್ ಅನ್ನುವ ಜರ್ಮನ್ ಮಿಶನರಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಆ ಕಾಲದಲ್ಲಿ ಜಗತ್ತಿನಲ್ಲಿ ಎಲ್ಲಿ ಫೋಟೋ ತೆಗೆದರೂ ಹೆಚ್ಚಿನದು ನಾವು ಈಗ ಮಾಡಹೊರಟ ವಿಧಾನದಲ್ಲೇ ಆಗುತ್ತಿತ್ತು. ಆ ಹಂಚಿನ ಕೆಳಗೆ ನಿಂತು ಪ್ಲೇಟ್ ತೊಳೆಯುವಾಗೆಲ್ಲ ನನಗೆ ಇದು ನೆನಪಾಗುತ್ತದೆ, ಖುಷಿಯೂ ಆಗುತ್ತದೆ.

ಈ ವಿಧಾನ ಕಂಡುಹಿಡಿದವನು ಫ್ರೆಡರಿಕ್ ಸ್ಕಾಟ್ ಆರ್ಚರ್. ಇಂಗ್ಲೆಂಡಿನ ಶಿಲ್ಪಿ. ತನ್ನ ಮೂರ್ತಿಗಳ ಕೆಲಸಕ್ಕೆ ಒಳ್ಳೆ ಫೋಟೋ ಬೇಕು ಅಂತ ಪ್ರಯೋಗ ಶುರು ಮಾಡಿದವನು, 1851ರಲ್ಲಿ ಇಡೀ ವಿಧಾನವನ್ನು ಬರೆದು ಪ್ರಕಟಿಸಿಬಿಟ್ಟ. ಪೇಟೆಂಟ್ ಮಾಡಿಸಲಿಲ್ಲ. ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟ. ಸ್ಟುಡಿಯೋ ಇಟ್ಟವರು ದುಡ್ಡು ಮಾಡಿಕೊಂಡರು. ಅವನು 1857ರಲ್ಲಿ ಬಡತನದಲ್ಲೇ ತೀರಿಕೊಂಡ. ಫೋಟೋಗ್ರಫಿಯಿಂದ ಹೊಟ್ಟೆ ಹೊರೆಯುವ ನಮ್ಮಂಥವರು ಈ ಮನುಷ್ಯನ ಹೆಸರನ್ನಾದರೂ ನೆನಪಿಟ್ಟುಕೊಳ್ಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಕೆಲಸ ಶುರುವಾಗುವುದು ಗಾಜು ಉಜ್ಜುವುದರಿಂದ. ಅಂಚುಗಳನ್ನು ಸಾಣೆಕಲ್ಲಿನಲ್ಲಿ ಮಸೆಯಬೇಕು. ಸುಣ್ಣಕಲ್ಲಿನ ನಯವಾದ ಪುಡಿ, ಆಲ್ಕೋಹಾಲ್, ನೀರು ಕಲಸಿ ಎರಡೂ ಕಡೆ ತಿಕ್ಕಬೇಕು. ಗಾಜಿನ ಮೇಲೆ ಉಸಿರು ಬಿಟ್ಟು ನೋಡಿದರೆ ಆವಿ ಒಂದೇ ಸಮ ಕೂರಬೇಕು. ಎಲ್ಲಾದರೂ ಗೆರೆ ಕಂಡರೆ ಆ ಗೆರೆ ಫೋಟೋದಲ್ಲೂ ಬರುತ್ತದೆ. ಆಮೇಲೆ ನಾಲ್ಕೂ ಅಂಚಿಗೆ ಮೊಟ್ಟೆಯ ಬಿಳಿಯನ್ನು ತೆಳ್ಳಗೆ ಹಚ್ಚಿ ಒಣಗಿಸುತ್ತೇವೆ. ಇಲ್ಲದಿದ್ದರೆ ತೊಳೆಯುವಾಗ ಚಿತ್ರದ ಪೊರೆ ಅಂಚಿನಿಂದ ಎದ್ದು ನೀರಿನ ಜೊತೆ ಹೋಗಿಬಿಡುತ್ತದೆ.

ಮುಂದಿನದು ಕೊಲೋಡಿಯನ್. ನೈಟ್ರಿಕ್ ಆಮ್ಲದಲ್ಲಿ ಹದಗೊಳಿಸಿದ ಹತ್ತಿಯನ್ನು ಈಥರ್ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿದ ಅಂಟು ದ್ರವ ಇದು. ಫೋಟೋಗೆ ಬರುವ ಮೊದಲೇ ಗಾಯಕ್ಕೆ ಹಚ್ಚಲು ಬಳಸುತ್ತಿದ್ದರು. ಕಾಲಿನ ಆಣಿಗೆ, ನರೂಲಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಎಷ್ಟೋ ದ್ರವಗಳಲ್ಲಿ ಈಗಲೂ ಇದೇ ಇರುತ್ತದೆ. ಫೋಟೋಗೆ ಬೇಕಾದ ಕೊಲೋಡಿಯನ್‌ಗೆ ಅಯೋಡೈಡ್, ಬ್ರೋಮೈಡ್ ಉಪ್ಪುಗಳನ್ನು ಸೇರಿಸಿರುತ್ತಾರೆ. ಎಡಗೈಯಲ್ಲಿ ಗಾಜು ಮಟ್ಟಸವಾಗಿ ಹಿಡಿದು ನಡುವೆ ಸ್ವಲ್ಪ ಸುರಿಯಬೇಕು. ನಿಧಾನವಾಗಿ ವಾಲಿಸುತ್ತಾ ಒಂದು ಮೂಲೆ, ಎರಡನೇ ಮೂಲೆ, ಮೂರನೇ ಮೂಲೆ ಮುಟ್ಟಿಸಿ, ನಾಲ್ಕನೇ ಮೂಲೆಯಿಂದ ಉಳಿದದ್ದನ್ನು ಬಾಟಲಿಗೆ ಇಳಿಸಬೇಕು. ಇಳಿಸುವಾಗ ಗಾಜನ್ನು ಅತ್ತಿತ್ತ ತೂಗದಿದ್ದರೆ ಓರೆ ಗೆರೆಗಳು ಉಳಿಯುತ್ತವೆ. ಅಷ್ಟರಲ್ಲಿ ಈಥರ್ ಆರುತ್ತಾ ಬಂದು ಪೊರೆ ಬಿಗಿಯತೊಡಗುತ್ತದೆ. ಮೂಲೆಯಲ್ಲಿ ಬೆರಳು ಒತ್ತಿದರೆ ಗುರುತು ಉಳಿಯಬೇಕು, ಅಂಟು ಬೆರಳಿಗೆ ಬರಬಾರದು. ಆ ಹದ ಸಿಕ್ಕಿದ ಕೂಡಲೇ ಸಿಲ್ವರ್ ನೈಟ್ರೇಟ್ ತೊಟ್ಟಿಗೆ ಇಳಿಸಬೇಕು, ಪೊರೆಯಲ್ಲಿ ಬೆಳ್ಳಿಯ ಉಪ್ಪು ಉಂಟಾಗುವುದು ಅಲ್ಲೇ.

ನಮ್ಮ ಊರಿನ ಸೆಕೆ ಮಧ್ಯೆ ಬರುವುದು ಇಲ್ಲೇ. ಈಥರ್ ಕುದಿಯುವುದು 34.6 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ಮಂಗಳೂರಿನ ಬಿಸಿಲು ಸರಿಸುಮಾರು ಅದೇ. ಆ ಹೊತ್ತಿನಲ್ಲಿ ಬಾಟಲಿ ಮುಚ್ಚಳ ಸಡಿಲಿಸಿದರೆ ಸುಸ್ ಅಂತ ಗಾಳಿ ಬರುತ್ತದೆ. ಸುರಿದದ್ದು ನಾಲ್ಕನೇ ಮೂಲೆ ಮುಟ್ಟುವ ಮೊದಲೇ ಮೊದಲ ಮೂಲೆ ಒಣಗುತ್ತದೆ. ಹಾಗಾಗಿ ನಮ್ಮದು ಹೆಚ್ಚಾಗಿ ಡಿಸೆಂಬರ್, ಜನವರಿ ಕೆಲಸ. ಅದೂ ಬೆಳಿಗ್ಗೆ. ಬಾಟಲಿಯನ್ನು ಮೊದಲೇ ತಣ್ಣೀರಿನ ಬೋಗುಣಿಯಲ್ಲಿ ಕೂರಿಸಿಡುತ್ತೇವೆ. ಈಥರ್ ಆವಿಗೆ ಬೆಂಕಿ ಹತ್ತುವುದು ಬಹಳ ಬೇಗ. ಆ ಕೋಣೆಯಲ್ಲಿ ದೀಪ ಇಲ್ಲ, ಊದುಬತ್ತಿ ಇಲ್ಲ. ಬಾಟಲಿ ತೆರೆದಿರುವಾಗ ಸ್ವಿಚ್ಚು ಮುಟ್ಟುವುದೂ ಇಲ್ಲ.

ಒಂದು ಅನುಕೂಲವೂ ಇದೆ. ಬೆಳ್ಳಿಯ ತೊಟ್ಟಿಯಿಂದ ಹೊರಬಂದ ಪ್ಲೇಟು ಒದ್ದೆ ಇರುವಾಗಲೇ ಫೋಟೋ ತೆಗೆದು, ಒದ್ದೆ ಇರುವಾಗಲೇ ಡೆವಲಪ್ ಮಾಡಬೇಕು. ವೆಟ್ ಪ್ಲೇಟ್ ಅನ್ನುವುದು ಅದಕ್ಕೇ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಪ್ಲೇಟು ಒಳನಾಡಿನಲ್ಲಿ ಒಣಗುವಷ್ಟು ಬೇಗ ಇಲ್ಲಿ ಒಣಗುವುದಿಲ್ಲ. ಹಾಗಂತ ಹರಟುತ್ತಾ ಕೂರುವ ಹಾಗಿಲ್ಲ. ಡಾರ್ಕ್‌ರೂಮಿನಿಂದ ಜಗಲಿಗೆ ಹತ್ತಿಪ್ಪತ್ತು ಹೆಜ್ಜೆ. ಆ ದಾರಿಯಲ್ಲಿ ಯಾರೂ ಅಡ್ಡ ಬರಬಾರದು ಅಂತ ಮನೆ ಮಕ್ಕಳಿಗೆ ಮೊದಲೇ ಹೇಳಿಟ್ಟಿರುತ್ತೇವೆ.

ನೀರಿನ ಕತೆ ಬೇರೆಯೇ ಇದೆ. ಶುರುವಿನ ಪ್ಲೇಟುಗಳಲ್ಲಿ ಎಲ್ಲದಕ್ಕೂ ಬಿಳಿ ಬಿಳಿ ಮಂಜು ಕವಿದಿರುತ್ತಿತ್ತು. ಎಲ್ಲಿಂದ ಬೆಳಕು ಸೋರುತ್ತಿದೆ ಅಂತ ಮಾಡಿನ ಸಂದುಗಳನ್ನೆಲ್ಲ ಹುಡುಕಿದೆವು. ಕೊನೆಗೆ ಗೆಳೆಯ ಒಂದು ಗ್ಲಾಸಿನಲ್ಲಿ ಬಾವಿ ನೀರು ತಂದು, ಅದಕ್ಕೆ ಡ್ರಾಪರಿನಿಂದ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟ. ಹನಿ ಬಿದ್ದ ಜಾಗದಿಂದ ಬೆಳ್ಳನೆಯ ಎಳೆಯೊಂದು ಇಳಿಯಿತು. ಗ್ಲಾಸ್ ಅಲುಗಾಡಿಸಿದರೆ ನೀರೆಲ್ಲ ಬೆಳ್ಳಗಾಯಿತು. ಕಡಲು ಹತ್ತಿರದ ಬಾವಿ, ನೀರಿನಲ್ಲಿ ಉಪ್ಪಿನ ಅಂಶ. ಉಪ್ಪಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಬಿಳಿ ಪುಡಿ ಮಾಡಿಬಿಡುತ್ತದೆ. ಕುಡಿಯುವಾಗ ನಾಲಿಗೆಗೆ ಒಂಚೂರೂ ಗೊತ್ತಾಗದ ಉಪ್ಪು ಅದು. ಅಂದಿನಿಂದ ಬೆಳ್ಳಿಯ ತೊಟ್ಟಿಗೂ ಡೆವಲಪರಿಗೂ ಡೆವಲಪ್ ಆದ ಕೂಡಲೇ ಸುರಿಯುವುದಕ್ಕೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರು ಫಿಕ್ಸ್ ಆದ ಮೇಲಿನ (ಬೆಳಕು ತಾಗದೆ ಉಳಿದ ಬೆಳ್ಳಿಯ ಉಪ್ಪನ್ನು ಕರಗಿಸಿ ತೆಗೆದ ಮೇಲಿನ) ತೊಳೆಯುವಿಕೆಗೆ. ಕರಾವಳಿಯಲ್ಲಿ ಈ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಈ ಒಂದು ಹನಿಯ ಪರೀಕ್ಷೆ ಮಾಡಿಕೊಳ್ಳಿ.

ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ ಆಗ ಏನೂ ಕಾಣುವುದಿಲ್ಲ. ಬಿಸಿಲಿಗೆ ಹೋದ ಮೇಲೆ ಆ ಜಾಗ ಕಪ್ಪಾಗುತ್ತದೆ. ಗೇರುಬೀಜದ ಸೊನೆ ತಾಗಿದ ಕಲೆಯ ಹಾಗೆ, ಚರ್ಮ ತಾನಾಗಿ ಬದಲಾಗುವವರೆಗೂ ಅದು ಹೋಗುವುದಿಲ್ಲ. ಕೈಗಾದರೆ ಪರವಾಗಿಲ್ಲ. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕದೆ ನಮ್ಮ ಡಾರ್ಕ್‌ರೂಮಿಗೆ ಯಾರಿಗೂ ಪ್ರವೇಶ ಇಲ್ಲ. ಹಳೇ ಕಾಲದವರು ಫಿಕ್ಸ್ ಮಾಡಲು ಪೊಟ್ಯಾಸಿಯಂ ಸಯನೈಡ್ ಬಳಸುತ್ತಿದ್ದರು. ಚಿತ್ರ ಇನ್ನೂ ಹೊಳೆಯುತ್ತದಂತೆ. ನಮಗೆ ಆ ಹೊಳಪು ಬೇಡ. ಹೈಪೋ ಅನ್ನುವ ಸೋಡಿಯಂ ಥಯೋಸಲ್ಫೇಟ್ ಸಾಕು.

ಕ್ಯಾಮೆರಾ ಸಾಗುವಾನಿ ಮರದ್ದು. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ. ಹಿಂದೆ ದಕ್ಷಿಣದ ಎಷ್ಟೋ ಸ್ಟುಡಿಯೋಗಳಲ್ಲಿ ಇದೇ ಇರುತ್ತಿತ್ತು. ಹಳೇ ಸ್ಟುಡಿಯೋ ಒಂದು ಮುಚ್ಚುವಾಗ ಗೆಳೆಯ ತೆಗೆದುಕೊಂಡದ್ದು. ಲೆನ್ಸು ಹಿತ್ತಾಳೆಯದು, ಪೆಟ್ಜ್‌ವಾಲ್ ಮಾದರಿ. 1840ರಲ್ಲಿ ಜೋಸೆಫ್ ಪೆಟ್ಜ್‌ವಾಲ್ ಅನ್ನುವ ಗಣಿತದ ಪ್ರೊಫೆಸರ್ ಲೆಕ್ಕ ಹಾಕಿ ಮಾಡಿದ ವಿನ್ಯಾಸ. ನಡುವೆ ಕಣ್ಣು, ಮೂಗು ಸೂಜಿಯಷ್ಟು ಚೂಪಾಗಿ ಬರುತ್ತದೆ. ಅಂಚಿಗೆ ಹೋದಂತೆ ಎಲ್ಲ ಸುರುಳಿಯಾಗಿ ಮಸುಕಾಗುತ್ತದೆ. ಶಟರ್ ಅನ್ನುವುದಿಲ್ಲ. ಮುಚ್ಚಳ ತೆಗೆದು, ಎಣಿಸಿ, ಮುಚ್ಚಳ ಹಾಕುವುದು. ಒಂಜಿ, ರಡ್ಡ್, ಮೂಜಿ, ನಾಲ್. ತುಳುವಿನಲ್ಲೇ ಎಣಿಸುತ್ತೇವೆ. ಕೂತವರಿಗೂ ಧೈರ್ಯ ಬರುತ್ತದೆ.

ಲೈಟ್ ಮೀಟರ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅದು ಅಳೆಯುವುದು ಕಣ್ಣಿಗೆ ಕಾಣುವ ಬೆಳಕನ್ನು. ಪ್ಲೇಟಿಗೆ ಬೇಕಾದ್ದು ಬೇರೆ ಬೆಳಕು. ಸಂಜೆ ಐದು ಗಂಟೆಯ ಹಳದಿ ಬಿಸಿಲು ನಮಗೆ ಎಷ್ಟು ಚಂದ ಕಂಡರೂ ಪ್ಲೇಟಿಗೆ ಅದರಲ್ಲಿ ಉಣ್ಣಲು ಏನೂ ಇಲ್ಲ. ಬೆಳಿಗ್ಗೆ ಒಂಬತ್ತು ಗಂಟೆಗೆ ಜಗಲಿಯ ನೆರಳು, ಮೇಲೆ ನೀಲಿ ಆಕಾಶ, ಅದೇ ಒಳ್ಳೆ ಬೆಳಕು. ಆಗ ನಾಲ್ಕರಿಂದ ಎಂಟು ಸೆಕೆಂಡು ಬೇಕಾಗುತ್ತದೆ. ಕಿಟಕಿ ಗಾಜಿನ ಒಳಗೆ ಕೂತರೆ ಇನ್ನೂ ಜಾಸ್ತಿ. ಗಾಜು ಅತಿನೇರಳೆಯ ಒಂದಷ್ಟನ್ನು ತಾನೇ ಹಿಡಿದುಕೊಳ್ಳುತ್ತದೆ.

ಕ್ಯಾಮೆರಾದ ಮುಂದೆ ನಾನೂ ಕೂತಿದ್ದೇನೆ. ತಲೆಯ ಹಿಂದೆ ಕಬ್ಬಿಣದ ಕವೆ ಇರುತ್ತದೆ. ಉದ್ಯಾವರದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ತಲೆ ಅದಕ್ಕೆ ಆನಿಸಿದರೆ ಅಲುಗಾಡುವುದಿಲ್ಲ. ಕಣ್ಣು ಮಿಟುಕಿಸಿದರೆ ತೊಂದರೆ ಇಲ್ಲ, ಅಷ್ಟು ಚಿಕ್ಕ ಚಲನೆ ಪ್ಲೇಟಿಗೆ ಗೊತ್ತೇ ಆಗುವುದಿಲ್ಲ. ಕಷ್ಟ ಇರುವುದು ನಗುವಿನಲ್ಲಿ. ನಗು ಎರಡು ಸೆಕೆಂಡ್ ನಿಲ್ಲುತ್ತದೆ, ಮೂರನೆಯದಕ್ಕೆ ಕೆನ್ನೆ ನಡುಗುತ್ತದೆ. ನಾಲ್ಕನೆಯ ಸೆಕೆಂಡಿಗೆ ಮುಖ ತನ್ನ ಜಾಗಕ್ಕೆ ಇಳಿದುಬಿಡುತ್ತದೆ. ಯಾರಿಗಾಗಿಯೂ ಇಟ್ಟುಕೊಳ್ಳದ ಮುಖ ಅದು. ಮದುವೆ ಮನೆಯಲ್ಲಿ ದಿನವಿಡೀ ಹುಡುಕಿದರೂ ನನಗೆ ಸಿಗದ ಮುಖ. ಹಳೇ ಫೋಟೋಗಳಲ್ಲಿ ಅಜ್ಜಂದಿರು ಸಿಟ್ಟಿನಲ್ಲಿ ಇದ್ದಾರೆ ಅಂತ ನಾವು ಹೇಳುತ್ತೇವಲ್ವಾ? ಅವರು ಸಿಟ್ಟಿನಲ್ಲಿ ಇರಲಿಲ್ಲ. ಸುಮ್ನೆ ಕೂತಿದ್ದರು, ಅಷ್ಟೆ.

ಡೆವಲಪರ್ ಅಂದರೆ ಫೆರಸ್ ಸಲ್ಫೇಟ್‌ನ ಹಸಿರು ಹರಳು, ಅಸಿಟಿಕ್ ಆಮ್ಲ, ಸ್ವಲ್ಪ ಆಲ್ಕೋಹಾಲ್, ನೀರು. ಪ್ಲೇಟನ್ನು ಅಡ್ಡಲಾಗಿ ಹಿಡಿದು ಒಂದೇ ಬೀಸಿಗೆ ಅಂಚಿನಿಂದ ಅಂಚಿಗೆ ಹರಿಸಬೇಕು. ನಡುವೆ ಎಲ್ಲಾದರೂ ತಡೆದರೆ ಅಲ್ಲೊಂದು ಗೆರೆ ನಿಲ್ಲುತ್ತದೆ. ಹದಿನೈದು ಸೆಕೆಂಡ್ ಆಗುವಷ್ಟರಲ್ಲಿ ಚಿತ್ರ ಮೂಡಿ ಆಗಿರುತ್ತದೆ, ಕೂಡಲೇ ನೀರು ಸುರಿಯಬೇಕು. ಸೆಕೆ ದಿನಗಳಲ್ಲಿ ಅದಕ್ಕಿಂತಲೂ ಬೇಗ. ಆಗ ಆಮ್ಲ ಜಾಸ್ತಿ ಹಾಕಿ ಡೆವಲಪರನ್ನು ನಿಧಾನ ಮಾಡಿಕೊಳ್ಳುತ್ತೇವೆ.

ಇಷ್ಟಾದ ಮೇಲೆ ಪ್ಲೇಟನ್ನು ಹೊರಗೆ ಬೆಳಕಿಗೆ ತರಬಹುದು. ಫೋಟೋಗೆ ಕೂತವರ ಮುಂದೆಯೇ ಹೈಪೋ ಟ್ರೇಗೆ ಹಾಕುತ್ತೇವೆ. ಆಗ ಪ್ಲೇಟಿನ ಮೇಲೆ ಇರುವುದು ನೀಲಿ ಮಿಶ್ರಿತ ಹಾಲುಬಣ್ಣದ ನೆಗೆಟಿವ್. ಮುಖ ಕಪ್ಪು, ಕೂದಲು ಬಿಳಿ. ಹೈಪೋ ತಾಗಿದ ಮೇಲೆ ಆ ಹಾಲು ಕರಗುತ್ತಾ ಹೋಗುತ್ತದೆ. ನೆರಳಿನ ಭಾಗಗಳು ಒಂದೊಂದಾಗಿ ಸ್ವಚ್ಛವಾಗುತ್ತವೆ. ಟ್ರೇಯ ತಳ ಕಪ್ಪು. ಅದರ ಮೇಲೆ ಬೆಳ್ಳಿಯ ತೆಳು ಪದರ ಬೆಳ್ಳಗೆ ಕಾಣತೊಡಗಿ ನೆಗೆಟಿವ್ ಪಾಸಿಟಿವ್ ಆಗುತ್ತದೆ. ಮೊದಲು ಹಣೆ, ಆಮೇಲೆ ಮೂಗಿನ ಗೆರೆ, ಕೊನೆಗೆ ಕಣ್ಣು. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಹೀಗೆ ಗಾಜಿನ ಮೇಲೆ ಮಾಡಿದ್ದಕ್ಕೆ ಆಂಬ್ರೋಟೈಪ್ ಅನ್ನುತ್ತಾರೆ. ತೆಳು ಕಬ್ಬಿಣದ ಕಪ್ಪು ತಗಡಿನ ಮೇಲೆ ಮಾಡಿದರೆ ಟಿನ್‌ಟೈಪ್. ಈಗ ಕಬ್ಬಿಣದ ಬದಲು ಟ್ರೋಫಿ, ಶೀಲ್ಡುಗಳಿಗೆ ಬಳಸುವ ಕಪ್ಪು ಅಲ್ಯೂಮಿನಿಯಂ ತಗಡು ಸಾಕಾಗುತ್ತದೆ. ಮಂಗಳೂರಿನ ಶೀಲ್ಡ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಕತ್ತರಿಸಿಯೇ ಕೊಡುತ್ತಾರೆ.

ಅಮ್ಮನ ಫೋಟೋ ತೆಗೆದ ದಿನ ಈ ಗಾಜು ಏನು ನೋಡುತ್ತದೆ, ಏನು ನೋಡುವುದಿಲ್ಲ ಅನ್ನುವುದು ನನಗೆ ಪೂರ್ತಿ ಅರ್ಥವಾಯಿತು.

ಅಮ್ಮ ಕೆಂಪು ರೇಷ್ಮೆ ಸೀರೆ ಉಟ್ಟಿದ್ದಳು. ಕಟಪಾಡಿಯಿಂದ ಶಂಕರಪುರ ಹತ್ತಿರವೇ, ಅಲ್ಲಿಂದ ಬೆಳಿಗ್ಗೆಯೇ ಮಲ್ಲಿಗೆ ತರಿಸಿದ್ದಳು. ಹಣೆಗೆ ದೊಡ್ಡ ಕುಂಕುಮ. ಮುಚ್ಚಳ ತೆಗೆಯುವ ಮೊದಲು "ಉಸುಲು ಬುಡೊಲಿಯಾ?" ಅಂತ ಕೇಳಿದಳು, ಉಸಿರು ಬಿಡಬಹುದಾ ಅಂತ. ಧಾರಾಳವಾಗಿ ಬಿಡು ಅಂದೆ. ಮೊದಲ ಪ್ಲೇಟಿಗೆ ನಾಲ್ಕು ಸೆಕೆಂಡ್ ಕೊಟ್ಟೆವು. ಹೈಪೋದಲ್ಲಿ ತಿಳಿಯಾದಾಗ ಮಲ್ಲಿಗೆಯ ಒಂದೊಂದು ಮೊಗ್ಗನ್ನೂ ಎಣಿಸಬಹುದಿತ್ತು. ಅಷ್ಟು ಸೊಗಸು. ಆದರೆ ಅದರ ಕೆಳಗೆ ಅಮ್ಮನ ಮುಖ ಕತ್ತಲೆಗೆ ಸರಿದಿತ್ತು. ಅಮ್ಮನದು ಗೋಧಿ ಬಣ್ಣ. ಪ್ಲೇಟಿನಲ್ಲಿ ಅದಕ್ಕಿಂತ ಎಷ್ಟೋ ಕಪ್ಪು. ಕಪ್ಪು ಹಣೆಯ ಮೇಲೆ ಕಪ್ಪು ಕುಂಕುಮ, ಎರಡೂ ಒಂದರೊಳಗೊಂದು ಸೇರಿಹೋಗಿದ್ದವು.

ಇದು ನಾಲ್ಕು ಸೆಕೆಂಡಿನ ತಪ್ಪು ಮಾತ್ರ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನೀಲಿಯನ್ನೂ ಅತಿನೇರಳೆಯನ್ನೂ ಹೀರಿಕೊಳ್ಳುತ್ತದೆ. ಬಿಸಿಲಿನಿಂದ ನಮ್ಮನ್ನು ಕಾಯುವುದೇ ಅದರ ಕೆಲಸ. ಪ್ಲೇಟಿಗೆ ಬೇಕಾದ ಬೆಳಕೂ ಅದೇ ಆದ್ದರಿಂದ ನಮ್ಮ ಚರ್ಮದಿಂದ ಅದಕ್ಕೆ ತಲುಪುವುದು ಕಡಿಮೆ. ಗೋಧಿ ಬಣ್ಣದವರು ಕಪ್ಪಾಗಿ, ಕಪ್ಪಗಿದ್ದವರು ಇನ್ನೂ ಕಪ್ಪಾಗಿ ಬರುತ್ತಾರೆ. ಕೆಂಪು ಚರ್ಮದ ಯುರೋಪಿನವರ ಮುಖದಲ್ಲೂ ಚಿಕ್ಕ ಚಿಕ್ಕ ಮಚ್ಚೆಗಳೆಲ್ಲ ಎದ್ದು ಕಾಣುತ್ತವೆ, ಕಾರಣ ಅದೇ.

ಈಗ 1860ರ ದಶಕ ನೆನಪಿಸಿಕೊಳ್ಳಿ. ಬ್ರಿಟಿಷ್ ಸರ್ಕಾರ ಭಾರತದ ಜಾತಿ, ಬುಡಕಟ್ಟುಗಳ ಜನರ ಫೋಟೋ ತರಿಸಿ, 1868ರಿಂದ 1875ರ ತನಕ ಎಂಟು ಸಂಪುಟ ಅಚ್ಚು ಹಾಕಿಸಿತು. ವೆಟ್ ಪ್ಲೇಟಿನ ಕಾಲ ಅದು. ಲಂಡನ್ನಿನಲ್ಲಿ ಕೂತು ಆ ಪುಟ ತಿರುಗಿಸಿದವರಿಗೆ ಕಂಡದ್ದು ಪ್ಲೇಟು ಕಂಡ ಬಣ್ಣ. ನಮ್ಮ ಜನರ ಬಣ್ಣ ಅಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲ. ಬಾಸೆಲ್ ಮಿಶನ್‌ನವರೂ ಮಂಗಳೂರು ಸೀಮೆಯ ಫೋಟೋಗಳನ್ನು ಆಗಿನಿಂದಲೇ ಕೂಡಿಟ್ಟಿದ್ದಾರೆ, ಸ್ವಿಟ್ಜರ್ಲೆಂಡಿನ ಅವರ ಸಂಗ್ರಹದಲ್ಲಿ ಈಗಲೂ ಇವೆ. ಅಂಥ ಹಳೇ ಚಿತ್ರಗಳನ್ನು ಮೊದಲು ನೋಡಿದಾಗ ನಾನೂ ಬಣ್ಣವನ್ನು ಇದ್ದಂತೆ ನಂಬಿದ್ದೆ. ಈಗ ಹಾಗಲ್ಲ. ಕಪ್ಪಾಗಿ ಕಾಣುವ ಸೀರೆ ಕೆಂಪಿದ್ದಿರಬಹುದು ಅಂತ ಲೆಕ್ಕ ಹಾಕುತ್ತೇನೆ. ಬಿಳಿ ಕಾಣುವ ಬಟ್ಟೆ ನೀಲಿ ಇರಬಹುದು. ಚರ್ಮವನ್ನಂತೂ ಮನಸ್ಸಿನಲ್ಲೇ ಎರಡು ಛಾಯೆ ತಿಳಿ ಮಾಡಿಕೊಂಡೇ ನೋಡುತ್ತೇನೆ.

ಅಮ್ಮನ ಎರಡನೇ ಪ್ಲೇಟಿಗೆ ಎಂಟು ಸೆಕೆಂಡ್ ಕೊಟ್ಟೆವು. ಮುಖ ಬಂತು. ಹುಬ್ಬಿನ ನಡುವಿನ ಗೆರೆ, ಬೀಡಿ ಸುತ್ತುತ್ತಿದ್ದ ಕಾಲದಿಂದ ಇರುವ ಬೆರಳ ತುದಿಯ ದಡ್ಡು, ಕಣ್ಣ ಕೆಳಗಿನ ಸುಕ್ಕು, ಎಲ್ಲಾ ಬಂದವು. ಕುಂಕುಮ ಕಪ್ಪಾಗಿಯೇ ಉಳಿದರೂ ಈಗ ಹಣೆಯಿಂದ ಬೇರೆಯಾಗಿ ದುಂಡಗೆ ನಿಂತಿತು. ಮಲ್ಲಿಗೆ ಮಾತ್ರ ಹೋಯಿತು, ಮೊಗ್ಗೆಲ್ಲ ಕಲಸಿ ಒಂದು ಬಿಳಿ ರಾಶಿ. ಎರಡನ್ನೂ ಒಟ್ಟಿಗೆ ಹಿಡಿಯುವಷ್ಟು ಶಕ್ತಿ ಈ ಪ್ಲೇಟಿಗೆ ಇಲ್ಲ. ನಾನು ಯಾವತ್ತೂ ಮುಖವನ್ನೇ ಆರಿಸಿಕೊಳ್ಳುತ್ತೇನೆ. ನಮ್ಮ ಜನರನ್ನು ಈ ವಿಧಾನದಲ್ಲಿ ತೆಗೆಯುವವರು ಚರ್ಮಕ್ಕೆ ಲೆಕ್ಕ ಇಟ್ಟು ಸೆಕೆಂಡ್ ಎಣಿಸಬೇಕು, ಬಟ್ಟೆಗಲ್ಲ. ಯುರೋಪಿನವರ ಕೋಷ್ಟಕ ನೋಡಿ ಎಣಿಸಿದರೆ ಮತ್ತೆ ಅದೇ ಹಳೇ ಕಪ್ಪು ಮುಖಗಳೇ ಬರುತ್ತವೆ.

ಪಕ್ಕದ ಮನೆಯ ಅಜ್ಜಿಯೊಬ್ಬರನ್ನೂ ಕೂರಿಸಿದ್ದೆವು. ಮೊಣಕೈವರೆಗೆ ಹಚ್ಚೆ ಇದೆ ಅವರಿಗೆ, ಚಿಕ್ಕಂದಿನಲ್ಲಿ ಚುಚ್ಚಿಸಿಕೊಂಡದ್ದು. ವಯಸ್ಸಾಗಿ ನೀಲಿ ಹಸಿರಿಗೆ ತಿರುಗಿದ ಗೆರೆಗಳು. ಕೈ ಕಾಣುವಂತೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಪ್ಲೇಟಿನಲ್ಲಿ ಕೈ ಬೋಳು. ಹಚ್ಚೆ ಇದ್ದ ಗುರುತೇ ಇಲ್ಲ. ನ್ಯೂಜಿಲೆಂಡಿನ ಮಾವೊರಿ ಜನರ ಮುಖದ ಹಚ್ಚೆಗಳೂ ಆ ಕಾಲದ ವೆಟ್ ಪ್ಲೇಟುಗಳಲ್ಲಿ ಎಷ್ಟೋ ಸಲ ಹೀಗೆಯೇ ಮಸುಕಾಗಿವೆ, ಇಲ್ಲವೇ ಮಾಯವಾಗಿವೆ. ಅಜ್ಜಿಗೆ ಬೇಜಾರಾಯಿತು. ಅವರ ಕೈಯನ್ನು ಆಮೇಲೆ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದು, ದೊಡ್ಡ ಪ್ರಿಂಟ್ ಹಾಕಿ ಕೊಟ್ಟೆ. ಆ ಕೈಗೆ ಅದೇ ಸರಿಯಾದ ವಿಧಾನ.

ಇನ್ನೊಂದು ವಿಷಯ, ಟಿನ್‌ಟೈಪಿನಲ್ಲೂ, ಚಿತ್ರ ಇರುವ ಮೈಯಿಂದ ನೋಡಿದ ಗಾಜಿನಲ್ಲೂ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರುತ್ತದೆ. ಅಮ್ಮನ ಎಡ ಮೂಗಿನ ಬೊಟ್ಟು ಬಲಕ್ಕೆ ಹೋಗಿತ್ತು. ಸೆರಗೂ ಅಷ್ಟೇ. ಗಾಜಿನ ಪ್ಲೇಟ್ ಆದರೆ ಇದಕ್ಕೆ ಪರಿಹಾರ ಇದೆ. ಪ್ಲೇಟನ್ನು ಮಗುಚಿ ಗಾಜಿನ ಕಡೆಯಿಂದ ನೋಡಿದರೆ ಎಡಬಲ ಸರಿಯಾಗುತ್ತದೆ. ಚಿತ್ರ ಇರುವ ಮೈ ಹಿಂದಕ್ಕೆ ಹೋಗಿ, ಅದರ ಹಿಂದೆ ಕಪ್ಪು ಬಟ್ಟೆ ಬರುತ್ತದೆ. ನನಗೆ ಹಾಗೆ ಫ್ರೇಮ್ ಹಾಕಿಸುವ ಆಸೆ. ಅಮ್ಮ ಒಪ್ಪಲಿಲ್ಲ. ಇಷ್ಟು ವರ್ಷ ತಾನು ಕನ್ನಡಿಯಲ್ಲಿ ನೋಡಿದ ಮುಖ ಇದು, ಹೀಗೇ ಇರಲಿ ಅಂದಳು. ತಂಗಿ ನನ್ನ ಕಡೆ. ಹಾಗಾಗಿ ಫ್ರೇಮನ್ನು ಎರಡೂ ಕಡೆ ಹಾಕಿ ತೆಗೆಯುವ ಹಾಗೆ ಮಾಡಿಸಿದ್ದೇವೆ.

ಕೊನೆಯ ಕೆಲಸ ವಾರ್ನಿಶ್. ಸ್ಯಾಂಡರಾಕ್ ಅನ್ನುವ ಮರದ ಅಂಟನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ, ಲ್ಯಾವೆಂಡರ್ ಎಣ್ಣೆ ಬೆರೆಸಿದ್ದು. ಪ್ಲೇಟನ್ನು ಸ್ವಲ್ಪ ಬಿಸಿ ಮಾಡಿ, ಕೊಲೋಡಿಯನ್ ಸುರಿದಂತೆಯೇ ಮೂಲೆಯಿಂದ ಮೂಲೆಗೆ ಹರಿಸಿ ಇಳಿಸಬೇಕು. ಇದನ್ನು ಬೇರೆ ದಿನ, ಬೇರೆ ಕೋಣೆಯಲ್ಲಿ, ಈಥರಿನಿಂದ ದೂರ ಮಾಡುತ್ತೇವೆ. ಇಡೀ ಮನೆ ಲ್ಯಾವೆಂಡರ್ ಪರಿಮಳ. ವಾರ್ನಿಶ್ ಇಲ್ಲದ ಬೆಳ್ಳಿ ನಮ್ಮ ಕಡಲ ಗಾಳಿಗೆ ಬೇಗ ಕಂದುತ್ತದೆ, ಉಗುರು ತಾಗಿದರೂ ಗೀರು ಬೀಳುತ್ತದೆ.

ಹಳೇ ಮನೆಗಳ ಅಟ್ಟದಲ್ಲಿ ನಿಮಗೂ ಇಂಥ ಗಾಜು ಸಿಗಬಹುದು. ಸಿಕ್ಕಿದರೆ ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಚಿತ್ರ ಒಡೆದು ಚೂರಾದ ಹಾಗೆ ಕಂಡರೂ ಎಷ್ಟೋ ಸಲ ಹಾಳಾಗಿರುವುದು ಹಿಂಬದಿಗೆ ಬಳಿದ ಕಪ್ಪು ಬಣ್ಣ ಮಾತ್ರ. ಹಿಂದೆ ಒಂದು ಕಪ್ಪು ಕಾಗದ ಹಿಡಿದು ನೋಡಿ, ಮುಖ ಪೂರ್ತಿ ಇದ್ದರೂ ಇರಬಹುದು. ಅಂಚು ಹಿಡಿದು ಎತ್ತಿ, ಮೆತ್ತಗಿನ ಕಾಗದದಲ್ಲಿ ಸುತ್ತಿ, ತೇವ ಇಲ್ಲದ ಕಡೆ ನೆಟ್ಟಗೆ ನಿಲ್ಲಿಸಿ ಇಡಿ.

ಈಗ ನಮ್ಮ ತಲೆ ತುಂಬಾ ಇರುವುದು ಯಕ್ಷಗಾನ. ತೆಂಕುತಿಟ್ಟು ಅನ್ನುವ ಯಕ್ಷಗಾನದ ದಕ್ಷಿಣ ಶೈಲಿಯಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡುವ ಹಿರಿಯ ಕಲಾವಿದರೊಬ್ಬರು ವೇಷ ಕಟ್ಟಿಕೊಂಡು ಬಂದು ಕೂತರು. ಗಂಟೆಗಟ್ಟಲೆ ಕೂತು ಮುಖಕ್ಕೆ ಬಣ್ಣ ಬರೆದುಕೊಂಡಿದ್ದರು. ಮುಖದ ಮೇಲೆ ಮುಳ್ಳಿನಂತೆ ಎದ್ದು ನಿಲ್ಲುವ ಅಕ್ಕಿಹಿಟ್ಟು, ಸುಣ್ಣದ ಬಿಳಿ ಚುಟ್ಟಿಯನ್ನು ಒಂದೊಂದೇ ಇಟ್ಟುಕೊಂಡಿದ್ದರು. ತಲೆಗೆ ಕವೆ ಬೇಡ ಅಂದರು. ರಂಗಸ್ಥಳದಲ್ಲಿ ಅಷ್ಟು ಭಾರದ ಕಿರೀಟ ಹೊತ್ತು ನಿಲ್ಲುವವರು, ಎಂಟು ಸೆಕೆಂಡ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಪ್ಲೇಟಿನಲ್ಲಿ ಚುಟ್ಟಿ ಒಂದೊಂದೂ ಕೈಗೆ ಸಿಗುವಂತೆ ಎದ್ದು ಬಂತು. ಆದರೆ ಮುಖದ ಕೆಂಪೆಲ್ಲ ಕಪ್ಪಾಗಿ, ಕಾಡಿಗೆಯ ಗೆರೆಗಳು ಅದರಲ್ಲಿ ಮುಳುಗಿದ್ದವು. ಕಿರೀಟದ ಬಂಗಾರ ಬಣ್ಣವೂ ಬೂದಿಯಾಗಿತ್ತು.

ಅವರು ಪ್ಲೇಟನ್ನು ಜಗಲಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಈ ಬಣ್ಣಗಾರಿಕೆ ಹುಟ್ಟಿದ್ದೇ ದೊಂದಿ ಬೆಳಕಿಗೆ ಅಂತ ವಿವರಿಸಿದರು. ದೊಂದಿಯ ಬೆಳಕಿನಲ್ಲಿ ಕೆಂಪು, ಹಳದಿ ಜಾಸ್ತಿ, ನೀಲಿ ಇಲ್ಲವೇ ಇಲ್ಲ ಅನ್ನಬಹುದು. ಆ ಬೆಳಕಿಗೆ ಉರಿಯಲಿ ಅಂತಲೇ ಹಿಂದಿನವರು ಇಂಗಳೀಕದ ಕೆಂಪು, ಅರದಾಳದ ಹಳದಿ ಹಚ್ಚುತ್ತಿದ್ದರು. ನಮ್ಮ ಪ್ಲೇಟಿನ ಕಣ್ಣು ಅದಕ್ಕೆ ತದ್ವಿರುದ್ಧ. ಹಾಗಾದರೆ ಈ ಕಣ್ಣಿಗೆ ಬೇಕಾದ ಹಾಗೆ ಬೇರೆಯೇ ಬಣ್ಣ ಬರೆದುಕೊಂಡರೆ ಹೇಗೆ ಅಂತ ಅವರೇ ಕೇಳಿದರು. ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆ ದಿನ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಅವರಿಗೆ ಬಿಡುವು. ಕೆಂಪಿಗೆ ಎಷ್ಟು ಬಿಳಿ ಬೆರೆಸಿದರೆ ಪ್ಲೇಟಿನಲ್ಲಿ ಕಾಡಿಗೆಯಿಂದ ಬೇರೆಯಾಗಿ ಕಾಣುತ್ತದೆ, ಹಳದಿಯ ಜಾಗಕ್ಕೆ ತಿಳಿನೀಲಿ ಹಚ್ಚಿದರೆ ಏನಾಗುತ್ತದೆ ಅಂತ ಶೀಲ್ಡಿನ ತಗಡಿನ ತುಂಡುಗಳಲ್ಲಿ ಈಗಲೇ ಪರೀಕ್ಷೆ ಶುರು ಮಾಡಿದ್ದೇವೆ. ಬಣ್ಣದ ಪಟ್ಟಿಗಳನ್ನು ಅವರೇ ತ್ರಾಸು ಹಿಡಿದು ತೂಗಿ, ಬೆರೆಸಿ, ಒಂದೊಂದರ ಹಿಂದೆ ಅಳತೆ ಬರೆದು ಕಳಿಸುತ್ತಿದ್ದಾರೆ.